ಮೂವತ್ತು ಮೈಕ್ರಾನ್

ಸಿಂಧುವಳ್ಳಿಯ ಹಳೇ ಗಣಿಯಿಂದ
ಬಸ್ಸಿನಲ್ಲಿ, ಬಟ್ಟೆ ಅಂಗಡಿಯ ಚೀಲದಲ್ಲಿ ತಂದಳು
ಶಾಹಿದಾ ಈ ಕಲ್ಲನ್ನ.
ಬೇಸಿಗೆಯ ಕೆರೆತಳದ ಬಣ್ಣ. ಮೈಮೇಲೆ ಬಿಳೀ ನರ.
"ತೆಳ್ಳಗೆ ಬೇಕು ಅಣ್ಣಾ. ಸೋಮವಾರದೊಳಗೆ."

ಗಂಗೋತ್ರಿಯ ಈ ಹಿಂಬದಿ ಕೋಣೆಯಲ್ಲಿ
ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ ಇಷ್ಟೇ:
ಬೆಳಕು ಬಿಡದ್ದನ್ನು
ಬೆಳಕು ಬಿಡುವವರೆಗೆ ಅರೆಯುವುದು.
ಗರಗಸಕ್ಕೆ ನೀರು ಬಿಟ್ಟು ಕೊಯ್ದು, ಗಾಜಿಗಂಟಿಸಿ,
ಪುಡಿಯ ಮೇಲೆ ಎಂಟರ ಅಂಕಿ ಬರೆದಂತೆ
ತಿರುಗಿಸುತ್ತ, ತಿರುಗಿಸುತ್ತ
ಮೂವತ್ತು ಮೈಕ್ರಾನಿಗೆ ತರಬೇಕು.
ಅದರ ಮುಂದೆ ಹಾಳೆಯೂ ದಪ್ಪ.
ಸ್ಫಟಿಕ ಇದ್ದರೆ ಅದರ ಬಣ್ಣವೇ ಹೇಳುತ್ತದೆ,
ಸಾಕು, ನಿಲ್ಲಿಸು ಅಂತ.
ಈ ಕಲ್ಲಿನಲ್ಲಿ ಅದಿಲ್ಲ.
ಬೆರಳನ್ನೇ ನಂಬಬೇಕು.

ಬೆರಳು ಅವ್ವನದು.
ಓಬಕ್ಕ. ಹೆಗಲಲ್ಲಿ ಗೋಣಿಚೀಲ, ಅದರಲ್ಲಿ ಉಳಿ, ಸುತ್ತಿಗೆ.
"ಒರಳ್ಗೆ ಕಚ್ಚಾಕ್ಸ್ತೀರೇನವ್ವಾ..." ಅಂತ
ಒಂಟಿಕೊಪ್ಪಲಿನಿಂದ ನಜರ್‌ಬಾದಿನ ತನಕ.
ಮಂದಿಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು
ಸವೆದು ನುಣ್ಣಗಾದ ಒರಳಿಗೆ ಮತ್ತೆ ಹಲ್ಲು ಕೊಟ್ಟವಳು.
ಆಕೆಯದು ನೀರಿಲ್ಲದ ಕೆಲಸ.
ಎದ್ದ ದೂಳು ಎಲ್ಲಿ ಹೋಗುತ್ತಿತ್ತೆಂದು
ಕೊನೆಗೆ ಪಿ.ಕೆ. ಸ್ಯಾನಿಟೋರಿಯಮ್ಮಿನ
ಎಕ್ಸ್‌ರೇ ತೋರಿಸಿತು.

ಊಟದ ಹೊತ್ತು ಮೀರಿ ಶಾಹಿದಾ ಬಂದಳು,
ಸ್ಟೂಲೆಳೆದು ಕೂತಳು.
"ಕಡಲ ತಳದ ಕಲ್ಲಿದು. ಮುನ್ನೂರು ಕೋಟಿ ವರ್ಷ."
ಆಗ ಚಾಮುಂಡಿ ಬೆಟ್ಟ?
"ಅಯ್ಯೋ, ಅದು ಮೊನ್ನೆಮೊನ್ನೆಯದು. ಎಂಬತ್ತು ಕೋಟಿ."
ಮೈಸೂರು ಇರಲಿಲ್ಲ ಅನ್ನುವುದಿರಲಿ,
ಮೈಸೂರಿಗೆ ಬೇಕಾದ ಮಣ್ಣೇ ಇರಲಿಲ್ಲ.
ಕರಗಿದ ಕಬ್ಬಿಣಕ್ಕೆ ಹಸಿರೇರಿದ ಕಡಲು,
ಎಳೆದುಕೊಂಡರೆ ಸಾಯುವಂಥ ಗಾಳಿ,
ನೆಂಟನ ಹಾಗೆ ಹತ್ತಿರ ಬಂದು ಕೂತ ಚಂದ್ರ,
ಬೇಗ ಬೇಗ ಮುಗಿಯುವ ಹಗಲು.
ನೀರು ಬಿರುಕಿಗಿಳಿಯಿತು.
ಕಲ್ಲು ಕುಡಿಯಿತು, ಕುಡಿದು ಊದಿಕೊಂಡಿತು,
ಮೈ ಕಾದು ಗಾಳಿ ಬಿಟ್ಟಿತು. ಹೈಡ್ರೋಜನ್.
"ಇಂಥದೇ ಕಲ್ಲು, ಇದಕ್ಕಿಂತಲೂ ಹಳೆಯದು,
ಆ ಗಾಳಿಯನ್ನೇ ತಿಂದುಕೊಂಡು ಮೊದಲ ಜೀವ..."
ಅಷ್ಟಕ್ಕೆ ತಡೆದಳು.
"ಇರಬಹುದು ಅಣ್ಣಾ. ನೋಡಿದವರಿಲ್ಲ."

ಆ ಇರಬಹುದು ನನಗೆ ಹಿಡಿಸಿತು.
ಹರಿಕಥೆಯವರು ಯಾರೂ ಅಲ್ಲಿ ನಿಲ್ಲಿಸುವುದಿಲ್ಲ.

ಸಂಜೆ ಗಾಜು ಒರೆಸಿ ಮೈಕ್ರೋಸ್ಕೋಪಿಗಿಟ್ಟೆವು.
ಬಲೆ. ಬೂದುಬಣ್ಣದ, ಮೀನಿಲ್ಲದ ಬಲೆ.
ಅಲ್ಲೊಂದು ಇಲ್ಲೊಂದು ಕಣ್ಣಿನೊಳಗೆ
ನೀರಿಗೆ ಸಿಗದೆ ಉಳಿದ ಹಳೇ ಹರಳು
ಬಳೆ ಅಂಗಡಿಯಂತೆ ಹೊಳೆಯುತ್ತ.
ನೀರು ಹೋದ ಗೆರೆಗಳನ್ನು ಅವಳು ಬರೆದುಕೊಂಡಳು.
ನಾನು ಹರಳು ಎಣಿಸುತ್ತಿದ್ದೆ;
ಅವ್ವನ ಎದೆಯ ಪಟದಲ್ಲೂ ಹೀಗೇ ಬಿಳೀ ಚುಕ್ಕಿ.
ಉಸಿರು ಹೊರಟುಬಂದ ದಾರಿಯಲ್ಲೇ
ಕಲ್ಲು ವಾಪಸು ಬಂದು ಕೂತಿತ್ತೇನೋ.
ಅವಳಿಗೆ ಹೇಳಲಿಲ್ಲ.
ಅವಳಿಗಿನ್ನೂ ಹನ್ನೊಂದು ಸ್ಲೈಡು ಆಗಬೇಕು.

ಮಿಕ್ಕ ತುಂಡನ್ನು ಜೇಬಲ್ಲಿಟ್ಟು ಮನೆಗೆ ತಂದೆ.
ಯಾವ ಕಾಲದ್ದೆಂದು ಹೆಂಡತಿ ಕೇಳಲಿಲ್ಲ.
ದೋಸೆಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ
ಅದರ ಮೇಲೆ ಹೇರಿದಳು. ಬೆಕ್ಕಿನ ಕಾಟ.
ಗ್ರೈಂಡರು ಬಂದು ಹದಿನೈದು ವರ್ಷ;
ಅವ್ವ ಕಚ್ಚು ಹಾಕಿದ ಕೊನೇ ಒರಳು
ನಲ್ಲಿಯ ಕೆಳಗೆ ನೀರು ತುಂಬಿಕೊಂಡು ಕೂತಿದೆ.

ಬೆಳಗಿನ ಐದಕ್ಕೆ ದೀಪ ಹಾಕಿದರೆ
ತಟ್ಟೆ ವಾರೆಯಾಗಿದೆ.
ಹಿಟ್ಟು ರಾತ್ರಿಯೆಲ್ಲ ಉಕ್ಕಿ, ಅಂಚು ಮೀರಿ,
ಮುನ್ನೂರು ಕೋಟಿ ವರ್ಷವನ್ನು
ಎರಡು ಬೆರಳಷ್ಟು ಎತ್ತಿ ಹಿಡಿದಿದೆ.

ಕದಲಿಸದೆ ನಿಂತೆ.
ಒಳಗೆಲ್ಲೋ ಒಂದು ಗುಳ್ಳೆ ಒಡೆಯಿತು.