ನಲವತ್ತೊಂದನೇ ಕ್ಯಾಸೆಟ್ಟು

ಯಾವ ಕಾಲದ್ದು ಒಳ್ಳೇದು ಹೇಳಿ ಅಂಕಲ್, ಅಂತಾನೆ
ಕಾಲೇಜು ಬಿಟ್ಟು ನೇರ ಬಂದ ಹುಡುಗ, ಕೌಂಟರಿಗೆ ಒರಗಿ.
ಎಡಗಡ್ಡಿ ತಾನಾಗೇ ಜರುಗುವ ಅವನ ಜಾಯ್‌ಸ್ಟಿಕ್ಕು
ಬಿಚ್ಚಿ ಹರಡಿದ್ದೇನೆ ಬಿಳಿ ಬಟ್ಟೆಯ ಮೇಲೆ.

ಒಳ್ಳೇದು ಅಂದರೆ?
ಮೊದಲನೇದು ಸುಳ್ಳುಗಾರ.
ಹಳದಿ ಕ್ಯಾಸೆಟ್ಟಿನ ಮೇಲೆ ಲಕ್ಷದ ಲೆಕ್ಕ, ಒಳಗೆ ಆರೇ ಆಟ.
ಅದೇ ಟ್ಯಾಂಕು ಒಮ್ಮೆ ಕೆಂಪು, ಒಮ್ಮೆ ಹಸಿರು,
ಹೆಸರು ಬೇರೆ, ಗೋತ್ರ ಒಂದೇ.
ಎರಡು ಗುಂಡಿ. ನೆಗೆ, ಹೊಡೆ.
ಓಡದಿದ್ದರೆ ಬಾಯಿಗೆ ಊದು.
ಊದಬೇಡಿ, ಎಂಜಲಿಗೆ ಪಿನ್ನು ಹಸಿರುಗಟ್ಟುತ್ತದೆ
ಎಂದು ಬೋರ್ಡು ಬರೆದು ಹಾಕಿದ್ದೆ.
ಶಟರು ಎಳೆದ ಮೇಲೆ ನಾನೂ ಊದುತ್ತಿದ್ದೆ.

ಎರಡನೇದಕ್ಕೆ ಬಣ್ಣ ಜಾಸ್ತಿ, ಆಯುಸ್ಸು ಕಮ್ಮಿ.
ಮೂರನೇದು ಬೂದು, ತಟ್ಟೆ ನುಂಗುವುದು.
ಲೆನ್ಸು ಸೋತರೆ ಮಗುಚಿ ಹಾಕಬೇಕು, ಆಗ ಓದುತ್ತಿತ್ತು
ಬೋರಲು ಮಲಗಿ ಪೇಪರು ಓದುವ ನಮ್ಮ ದೊಡ್ಡಪ್ಪನ ಹಾಗೆ.
ಅದರ ಜೊತೆ ಬಂತು ನೋಡು ನೆನಪಿನ ಕಾರ್ಡು,
ನಿಲ್ಲಿಸಿದಲ್ಲಿಂದ ಶುರು.
ಅದಕ್ಕೂ ಮುಂಚೆ ದಾವಣಗೆರೆ ಹುಡುಗರು
ರಾಕ್ಷಸರಿಗಿಂತ ಕೆಇಬಿಗೆ ಸೋತದ್ದೇ ಹೆಚ್ಚು.

ನಿನ್ನದು ಚೆಂದ, ಸುಳ್ಳು ಯಾಕೆ.
ಅದರೊಳಗೆ ಕುದುರೆಯ ಮೈ ಮಳೆಗೆ ನೆನೆಯುವುದನ್ನು
ಅರ್ಧ ಗಂಟೆ ಆಡದೆ ಸುಮ್ಮನೆ ನೋಡಿದೆ.
ಆದರೆ ಬಾಯಿಲ್ಲ ಅದಕ್ಕೆ.
ರಾತ್ರಿಯಿಡೀ ಗಾಳಿಯಿಂದ ಇಳಿಸಿಕೊಳ್ಳುತ್ತದೆ ತೊಂಬತ್ತು ಜಿಬಿ.
ಇನ್ನೂರು ಆಟ ಇದಾವೆ ಅಂಕಲ್ ನನ್ನ ಲೈಬ್ರರೀಲಿ, ಅಂತೀಯ.
ಸರಿ, ಒಂದು ಕೊಡು. ಸೋಮವಾರ ವಾಪಸ್ ತರ್ತೀನಿ.

ನಗುತ್ತಾನೆ.

ನನ್ನದು ನೂರಾ ಹನ್ನೆರಡು.
ಹತ್ತಿ ಮಿಲ್ಲಿನ ಹರಾಜಿನಲ್ಲಿ ಬಂದ ಕಬ್ಬಿಣದ ಬೀರು,
ಖಾನೆಗಳಿಗೆ ಇನ್ನೂ ನೂಲಿನ ನಂಬರಿನ ಚೀಟಿ.
ಉಂಗುರ ಮಾರಿದ ದುಡ್ಡಿಗೆ ಹುಬ್ಬಳ್ಳಿಯಿಂದ ತಂದದ್ದು ಹದಿನಾಲ್ಕು,
ಹೆಂಡತಿಗೆ ಹೇಳಿದ್ದು ಎಂಟು.
ಬಾಡಿಗೆ ದಿನಕ್ಕೆರಡು ರೂಪಾಯಿ, ತಡವಾದರೆ ದಂಡ ಒಂದು.
ಲೆಡ್ಜರು ನೋಡದೆ ಹೇಳುತ್ತಿದ್ದೆ ಯಾವ ಮನೆಯಿಂದ ಬಂತೆಂದು.
ಮಂಡಿಪೇಟೆಯದಕ್ಕೆ ಬೆಲ್ಲದ ಅಂಟು.
ಮಂಡಕ್ಕಿ ಭಟ್ಟಿಯದು ಕಪ್ಪು,
ಟೈರು ಸುಟ್ಟ ಮಸಿ, ಹೆಬ್ಬೆರಳ ಗುರುತಿನ ಸಮೇತ.
ಸ್ಪಿರಿಟ್ಟು, ಹತ್ತಿ. ಮತ್ತೆ ಸ್ಪಿರಿಟ್ಟು, ಹತ್ತಿ.

ನಲವತ್ತೊಂದು. ದಾದಾಪೀರ್, ಭಾಷಾ ನಗರ, ತೊಂಬತ್ತೆಂಟರ ಮೇ.
ಬರಲೇ ಇಲ್ಲ.
ಗಡಿಯಾರದ ಕಂಬದ ಹತ್ತಿರ ಸಿಕ್ಕಾಗ ಬೈದೆ,
ಅವನ ಮದುವೆ ಊಟದಲ್ಲೂ ಕೇಳಿದೆ.
ನನಗೆ ಆಟಾನೇ ಬರಲ್ಲಣ್ಣ, ಅನ್ನುತ್ತಿದ್ದ.
ನಂಬಲಿಲ್ಲ. ಹೆಬ್ಬೆರಳ ಗುರುತು ಅಷ್ಟು ಸಣ್ಣದೇಕೆ
ಎಂದು ಒಮ್ಮೆಯಾದರೂ ಯೋಚಿಸಲಿಲ್ಲ.

ಈ ಹುಡುಗನಿಗೆ ಇದೆಲ್ಲ ಹೇಳುವುದಿಲ್ಲ.
ಹೋದ ಶುಕ್ರವಾರ ಇದೇ ಜಾಯ್‌ಸ್ಟಿಕ್ಕು ಕೊಟ್ಟುಹೋದವಳು
ಅವನ ಅಮ್ಮ, ದಾದಾಪೀರನ ತಂಗಿ ಶಮೀಮ್ ಬಾನು,
ಜೊತೆಗೆ ಪೇಪರಿನಲ್ಲಿ ಸುತ್ತಿದ ಒಂದು ಹಳದಿ ಕ್ಯಾಸೆಟ್ಟು.
ನಾನೇ ಆಡ್ತಿದ್ದೆ. ಹುಡುಗಿ ಹೆಸರು ಬರ್ಕೊಳ್ತಿರಲಿಲ್ಲ ನೀವು.
ದಂಡ ಎಷ್ಟಾಯ್ತು?
ಇಪ್ಪತ್ತಾರು ವರ್ಷ. ಒಂಬತ್ತೂವರೆ ಸಾವಿರ ಅಂದೆ.
ಅಣ್ಣನ ಹೆಸರಿಗೆ ಬರ್ಕೊಳ್ಳಿ ಅಂದಳು.

ಬಾಗಿಲವರೆಗೆ ಹೋದವಳು ತಿರುಗಿ ಬಂದಳು.
ಏಳನೇ ಕೋಟೆ ಇನ್ನೂ ದಾಟಿಲ್ಲ, ಒಂದು ವಾರ ಕೊಡ್ತೀರಾ?
ದಾದಾಪೀರನ ಹೆಸರಿನ ಕೆಳಗೆ
ಅವಳ ಹೆಸರನ್ನು ಪೂರ್ತಿಯಾಗಿ ಬರೆದೆ.

ಹುಡುಗನ ಮಿಷನ್ನು ಆನ್ ಮಾಡಿ ನೋಡಿದೆ.
ಅವನ ಖಾತೆಯಲ್ಲಿ ಆಟದ ಹೊತ್ತೆಲ್ಲ ದಾಖಲು,
ಬೆಳಿಗ್ಗೆ ಹನ್ನೊಂದರಿಂದ ಎರಡು.
ಆ ಹೊತ್ತಿಗೆ ಇವನು ಕಾಲೇಜಿನಲ್ಲಿ.

ಎಡಗಡ್ಡಿ ಬದಲಿಸಿದೀನಿ, ಆರುನೂರು ಕೊಡು.
ತುಂಬ ಒತ್ತಬೇಡ ಅಂತ ಹೇಳು.

ಯಾರಿಗೆ?

ಆಡೋರಿಗೆ.