ಸ್ವಲ್ಪ ದೊಡ್ಡ ಸೆಕೆಂಡು

ಬೀದರಿನ ಚೌಬಾರಾ ಹಿಂದಿನ ಗಲ್ಲಿ.
ಗೌಸುದ್ದೀನ್ ಚಾಚಾನ ಮೇಜಿನ ಮೇಲೆ
ಎರಡು ಯಾಶಿಕಾ, ಎರಡಕ್ಕೂ ಎರಡೆರಡು ಕಣ್ಣು.
ಹಳೆಯದರ ಚರ್ಮ ಮೂಲೆಯಲ್ಲಿ ಎದ್ದಿದೆ.
ಹೊಸದೆಂದರೂ ಅದು ನನಗಿಂತ ಹಿರಿಯದು,
ಹಣೆಯ ಮೇಲೆ ಬೆಳಕು ಅಳೆಯುವ ಮುಳ್ಳು.

ಬಗ್ಗಿ ನೋಡಿದೆ. ಗಾಜಿನೊಳಗೆ
ಎಡಕ್ಕೆ ಹೊರಟ ಬಾಳೆಹಣ್ಣಿನ ಗಾಡಿ ಬಲಕ್ಕೆ ಹೋಯಿತು.
ಎರಡರಲ್ಲೂ ಅದೇ ಗಾಡಿ, ಅದೇ ತಪ್ಪು.

"ಮುಳ್ಳು ಸತ್ತದ ಏನ್ರಿ?"
"ಸತ್ತಿಲ್ಲ, ಹಸಿದದ. ಇದರ ಸೆಲ್ಲು ಈಗ ಎಲ್ಲೂ ಸಿಗಂಗಿಲ್ಲ"
ಅಂದವನೇ ತನ್ನ ಕಿವಿಯ ಮಷೀನು ತೆಗೆದು
ತೊಗರಿಕಾಳಿನಷ್ಟು ಸೆಲ್ಲು ಬಿಚ್ಚಿ
ಕ್ಯಾಮೆರಾದ ಹೊಟ್ಟೆಗೆ ಇಟ್ಟ.
ಮುಳ್ಳು ನಡುಗಿತು, ಎದ್ದಿತು,
ಬಾಗಿಲ ಬಿಸಿಲಿನ ಕಡೆ ವಾಲಿತು.

"ಎಷ್ಟಕ್ಕೆ ಕೊಡ್ತೀರಿ?" ಅಂದೆ.
ಚಾಚಾ ಮುಳ್ಳು ನೋಡಿ ನಗುತ್ತಿದ್ದ.
ಮತ್ತೆ ಕೇಳಿದೆ, ಕೂಗಿ. ಎದುರಿನ ಬಿದರಿ ಅಂಗಡಿಯವ
ಉಳಿ ನಿಲ್ಲಿಸಿ ಹೊರಗೆ ಇಣುಕಿದ.
ಚಾಚಾನಿಗೆ ಮಾತ್ರ ಕೇಳಿಸಲಿಲ್ಲ.

ಸೆಲ್ಲು ತೆಗೆದು ಅವನ ಅಂಗೈಯಲ್ಲಿಟ್ಟೆ.
ಕಿವಿ ತಿರುಗಿ ಬಂದ ಮೇಲೆ
ಹಳೆಯದರ ಗುಂಡಿ ಒತ್ತಿ ನನ್ನ ಕಿವಿಗೆ ಹಿಡಿದ:
ಕಿರ್ರ್... ರ್... ಟಕ್.
"ಇದರ ಒಂದು ಸೆಕೆಂಡು ಸ್ವಲ್ಪ ದೊಡ್ಡದದ ಬೇಟಿ.
ರಿಪೇರಿ ಮಾಡ್ಲೇನು?"

ನಾನು ಇಳಿಯಬೇಕಾದದ್ದು ನೌಬಾದಿನ ಸುರಂಗಬಾವಿಗೆ.
ಅಲ್ಲಿ ಯಾವ ಮುಳ್ಳೂ ಏಳುವುದಿಲ್ಲ,
ನೀರು ಇರುವುದು ಕಾಲಿಗೆ ಮಾತ್ರ ಗೊತ್ತು.
"ಬ್ಯಾಡ್ರಿ" ಅಂದೆ, "ಹಂಗೇ ಇರಲಿ."

ಉಳಿದ ರೊಕ್ಕಕ್ಕೆ ಮೂರು ರೋಲು.
ಹನ್ನೆರಡು, ಹನ್ನೆರಡು, ಹನ್ನೆರಡು,
ಎಣಿಸುತ್ತ ಗಲ್ಲಿ ದಾಟಿದೆ.
ಹಿಂದಿನಿಂದ ಚಾಚಾ ಕೂಗುತ್ತಿದ್ದ,
ಲೆನ್ಸಿನ ಮುಚ್ಚಳ ಅಲ್ಲೇ ಬಿಟ್ಟಿದ್ದೆ.