ನಲ್ಲಿ ಪೂರ್ತಿ ಮುಚ್ಚಬೇಡ

ಮಂಗಳವಾರ ರಾತ್ರಿ ಅವನು ಸ್ನಾನದ ತೊಟ್ಟಿಗಿಳಿದು
ಕೂತ, ಎದ್ದ, ಮತ್ತೆ ಕೂತ.
ಒಂದು ಹನಿಯೂ ಇಲ್ಲ.
ಮರಳಿನ ಡಬ್ಬಿಯಲ್ಲಿ ಕೆರೆದ ಗುರುತು ಮಾತ್ರ,
ಯಾರೋ ಕತ್ತಲಲ್ಲಿ ಬೀಗದ ಕೈ ಹುಡುಕಿದ ಹಾಗೆ.

ಬ್ಯೂಟ್ ಊರಲ್ಲಿ ಆಗ ಸೊನ್ನೆಗಿಂತ ಕೆಳಗೆ ಇಪ್ಪತ್ತು.
ಮುಚ್ಚಿದ ಗಣಿಗಳ ಕಬ್ಬಿಣದ ಗೋಪುರಗಳಿಗೆ
ಕೆಂಪು ದೀಪ ಹಚ್ಚಿದ್ದರು.
ಹೊಟ್ಟೆ ಮುಟ್ಟಿದೆ: ನಿಂಬೆಕಾಯಿಯಷ್ಟು ಗಟ್ಟಿ.
ಅವನು ಕೂಗಿದ ಕೂಗು ಬೆಕ್ಕಿನದಲ್ಲ.

ಹೆಸರು ನಿಕಲ್.
ಐದು ಸೆಂಟಿನ ನಾಣ್ಯ. ಬಣ್ಣವೂ ಅದೇ, ಬೆಲೆಯೂ ಅದೇ
ಎಂದು ತಮಾಷೆಗೆ ಇಟ್ಟದ್ದು,
ನಾಲ್ಕು ವರ್ಷದ ಹಿಂದೆ, ನನ್ನ ಶಾಲಾ ಬಸ್ಸಿನ ಇಂಜಿನ್ನೊಳಗೆ
ಬೆಚ್ಚಗೆ ಮಲಗಿದ್ದವನನ್ನು ಎಳೆದು ತೆಗೆದ ದಿನ.
ಎಡಗಿವಿಯ ತುದಿಯನ್ನು ಅಷ್ಟರಲ್ಲೇ ಹಿಮ ತಿಂದಿತ್ತು.

ಫೋನಿನಲ್ಲಿದ್ದ ಹೆಂಗಸು ಒಳ್ಳೆಯವಳು.
ಒಳ್ಳೆಯವಳಾದ್ದರಿಂದಲೇ ಮೊತ್ತವನ್ನು ಮೆಲ್ಲಗೆ ಹೇಳಿದಳು:
ಸಾವಿರದ ಎಂಟುನೂರು ಡಾಲರ್. ಅರ್ಧ ಮುಂಗಡ.
ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಕಾಯಬೇಡಿ, ಎಂದಳು,
ನಾಳೆ ಅಂದರೆ ತಡವಾಯಿತು.

ಬ್ಯಾಂಕಿನಲ್ಲಿ ಇನ್ನೂರ ಹನ್ನೊಂದು.
ಕಾಫಿ ಡಬ್ಬಿಯಲ್ಲಿ ಮೂವತ್ತೆಂಟು, ಅದರಲ್ಲಿ ಒಂದು ಕೆನಡಾದ್ದು.
ಅಪ್ಪನ ಅಕಾರ್ಡಿಯನ್ನಿಗೆ ಗಿರವಿಯಂಗಡಿಯವನು ಕೊಡುವುದು ತೊಂಬತ್ತು;
ಒಂದು ಕೀಲಿ ಅಂಟಿಕೊಳ್ಳುತ್ತದಲ್ಲ, ಎಂದು
ಹೋದ ಚಳಿಗಾಲವೇ ಹೇಳಿದ್ದ.
ತಂಗಿ ಮಿಲೇನಾ ನಿದ್ದೆಗಣ್ಣಲ್ಲಿ ಫೋನೆತ್ತಿ
"ಬೆಕ್ಕಿಗಾ?" ಎಂದಳು.
ಆ ಒಂದು ದೀರ್ಘದಲ್ಲಿ ಪೂರ್ತಿ ಉತ್ತರವಿತ್ತು.

ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಡಿದೆ.
ಅಜ್ಜಿಯ ಭಾಷೆಯ ಪ್ರಾರ್ಥನೆ, ಅರ್ಧ ಮರೆತದ್ದು,
ಅರ್ಧವನ್ನೇ ಹೇಳಿದೆ, ಎರಡು ಸಲ.
ಚೆಲ್ಲಾಟವೆಲ್ಲ ಮುಗಿದು
ಪ್ರಾಣಸಂಕಟ ಬೆಕ್ಕಿನ ಪಾಲಿಗೇ ಬಂದಿತ್ತು.
ನಾಲ್ಕು ಗಂಟೆಗೆ ಅವನು ವಾಂತಿ ಮಾಡಿದ.
ಬಟ್ಟೆಯ ಬುಟ್ಟಿಗೆ ಟವೆಲ್ ಹಾಸಿ, ಅವನನ್ನಿಟ್ಟು, ಹೊರಟೆ,
ದುಡ್ಡಿಲ್ಲದೆಯೇ.

ಇನ್ನೊಂದು ದಾರಿ ಇದೆ, ಎಂದರು ಅಲ್ಲಿ.
ಒಂದು ಹಾಳೆ. ಸಹಿ ಹಾಕಿದರೆ
ಅವನು ಇನ್ನು ಮೇಲೆ ಆಶ್ರಯದವರ ಬೆಕ್ಕು;
ಖರ್ಚು ಅವರದು, ಗುಣವಾದ ಮೇಲೆ ಬೇರೆ ಮನೆ.
ಯಾವ ಮನೆ ಎಂದು ತಿಳಿಸುವುದಿಲ್ಲ.
ಅಂದರೆ ನನ್ನದಲ್ಲದ ಬೆಕ್ಕಿಗೆ ಎಲ್ಲೋ ದುಡ್ಡಿದೆ,
ನನ್ನ ಬೆಕ್ಕಿಗಿಲ್ಲ. ಹಾಗೆಂದು ಅವರು ಹೇಳಲಿಲ್ಲ.
ಪೆನ್ನು ಕೊಟ್ಟರು.

ಹೆಸರು. ವಯಸ್ಸು. ಕಚ್ಚುವ ಅಭ್ಯಾಸ.
ಬಿಟ್ಟುಕೊಡಲು ಕಾರಣ: ಅದಕ್ಕೆ ಒಂದು ಅಂಗುಲ ಜಾಗ.
ದುಡ್ಡು, ಎಂದು ಬರೆದೆ.
ಎರಡೇ ಅಕ್ಷರ. ಜಾಗ ಇನ್ನೂ ಉಳಿಯಿತು.
ಕೆಳಗೆ ಡ್ರಾಗಾ ವುಕೊವಿಚ್, ಬಸ್ ಚಾಲಕಿ,
ಯಾರೂ ಕೇಳದಿದ್ದರೂ ಕೆಲಸವನ್ನೂ ಬರೆದೆ.

ತಲೆಯೆತ್ತುವಷ್ಟರಲ್ಲಿ ಒಳಗೆ ಒಯ್ದಿದ್ದರು.
ಟವೆಲ್ ಮಾತ್ರ ಮಡಚಿ ವಾಪಸು ಕೊಟ್ಟರು.
ಆರೂವರೆಗೆ ಬಸ್ಸು ಹೊರಡಬೇಕಿತ್ತು. ಹೊರಟಿತು,
ಎಂದಿನಂತೆ ಇಂಜಿನ್ನಿನ ಮುಚ್ಚಳ ತೆರೆದು
ಒಳಗೆ ಒಮ್ಮೆ ನೋಡಿದ ಮೇಲೆ.

ಈಗ ಮಾರ್ಚ್. ರಸ್ತೆಯ ಅಂಚಿನ ಹಿಮ ಕರಗಿ ಕಪ್ಪಾಗಿದೆ.
ಎರಡನೇ ಸೀಟಿನ ಟೋಬಿನ್, ಮುಂದಿನ ಹಲ್ಲಿಲ್ಲದವನು,
ಕಂಬಿ ಹಿಡಿದು ಮುಂದೆ ಬಾಗಿ ಹೇಳುತ್ತಾನೆ:
ನಮ್ಮನೆಗೆ ಬೆಕ್ಕು ಬಂದಿದೆ. ಬೂದು ಬಣ್ಣ.
ಬಟ್ಟಲಲ್ಲಿಟ್ಟ ನೀರು ಮೂಸೋದೂ ಇಲ್ಲ.

ಬೂದು ಬೆಕ್ಕುಗಳು ಈ ಊರಲ್ಲಿ ಬೇಕಾದಷ್ಟಿವೆ.
ಕಿವಿ ಹೇಗಿದೆ ಎಂದು ನಾನು ಕೇಳಲಿಲ್ಲ.
ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವನ ಮುಖ ನೋಡಿ ಹೇಳಿದೆ:
ಸ್ನಾನದ ತೊಟ್ಟಿಯ ನಲ್ಲಿ ಪೂರ್ತಿ ಮುಚ್ಚಬೇಡ, ಮರಿ.
ತೊಟ್ಟಿಕ್ಕಲಿ ಬಿಡು.
ಕೆಲವು ಬೆಕ್ಕುಗಳು ಹಾಗೇ ಕುಡಿಯೋದು.

ಅಮ್ಮ ಬೈತಾಳೆ, ನೀರಿನ ಬಿಲ್ಲು, ಎಂದ.
ಬೈಯಲಿ, ಎಂದೆ.
ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.
ಹಸಿರು ಬಂದು ಎಷ್ಟು ಹೊತ್ತಾಗಿತ್ತೋ.